ಹಳೆಯ ಕಾರು, ಎರಡು ನಾಡು: ಮನೆಯಂಗಳದ ದುರಸ್ತಿಯ ಒಂದು ಚರಿತ್ರೆ

ಪ್ರತಿ ವರ್ಷ ಮೇ ತಿಂಗಳಿನಲ್ಲಿ ಜಪಾನಿನಲ್ಲಿ ಕಾರು ಇಟ್ಟುಕೊಂಡವರ ಮನೆಗೆ ವಾಹನ ತೆರಿಗೆಯ ಲಕೋಟೆ ಬರುತ್ತದೆ. ಈ ಸಲ ನಮ್ಮ ಮನೆಗೆ ಬಂದ ಲಕೋಟೆಯಲ್ಲಿದ್ದ ಮೊತ್ತ ಕಳೆದ ವರ್ಷಕ್ಕಿಂತ ಹೆಚ್ಚಾಗಿತ್ತು. ತೆರಿಗೆಯ ದರವೇನೂ ಏರಿರಲಿಲ್ಲ, ಕಾರಿಗೆ ವಯಸ್ಸಾಗಿತ್ತು. ಮೊದಲ ನೋಂದಣಿಯಾಗಿ 13 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ಇಲ್ಲಿ ಸುಮಾರು ಶೇಕಡಾ 15ರಷ್ಟು ಹೆಚ್ಚು ತೆರಿಗೆ ತೆರಬೇಕು. ಅದೇ ಶರತ್ಕಾಲದಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಶಾಕೆನ್, ಅಂದರೆ ಕಡ್ಡಾಯ ವಾಹನ ತಪಾಸಣೆಯೂ ಕಾದಿತ್ತು. ಪರಿಚಯದ ಗ್ಯಾರೇಜಿನವರು ಅಂದಾಜು ಪಟ್ಟಿಯನ್ನು ಎರಡೂ ಕೈಗಳಲ್ಲಿ ಹಿಡಿದು ಕೊಟ್ಟು, ಇಷ್ಟು ಹಣವನ್ನು ಇದಕ್ಕೆ ಸುರಿಯುವ ಬದಲು ಹೊಸದನ್ನು ನೋಡಬಹುದಲ್ಲವೇ ಎಂದು ವಿನಯದಿಂದ ಸೂಚಿಸಿದರು.

ಆ ರಾತ್ರಿ ಹಾಸನದಲ್ಲಿರುವ ತಂದೆಯವರಿಗೆ ಫೋನಿನಲ್ಲಿ ಈ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಾನೆಟ್ ಎತ್ತಿ ನೋಡಿದ್ಯೇನೋ?"

ನಾನು ನೋಡಿರಲಿಲ್ಲ. ಈ ದೇಶಕ್ಕೆ ಬಂದ ಮೇಲೆ ನಮ್ಮ ಬೀದಿಯಲ್ಲಿ ಬಾನೆಟ್ ಎತ್ತಿ ನಿಂತ ನೆರೆಯವರನ್ನೂ ನಾನು ಕಂಡ ನೆನಪಿಲ್ಲ. ಆದರೆ ನನ್ನ ಬಾಲ್ಯದಲ್ಲಿ ಭಾನುವಾರ ಬೆಳಿಗ್ಗೆ ಎಂದರೆ ಅಂಗಳದಲ್ಲಿ ಬಾಯ್ತೆರೆದು ನಿಂತ ಅಂಬಾಸಡರ್ ಕಾರು, ನೆಲದ ಮೇಲೆ ಹಾಸಿದ ಹಳೆಯ ಪತ್ರಿಕೆ, ಅದರ ಮೇಲೆ ಸಾಲಾಗಿ ಜೋಡಿಸಿದ ಸ್ಪ್ಯಾನರುಗಳು. ಕಾರನ್ನು ಜಗತ್ತಿಗೆಲ್ಲ ಮಾರಿದ ನಾಡಿನಲ್ಲಿ ಅದನ್ನು ಬಿಚ್ಚಿ ನೋಡುವ ಮನೆಮಂದಿ ಏಕೆ ವಿರಳ? ಕಾರೇ ವಿರಳವಾಗಿದ್ದ ನಮ್ಮ ನಾಡಿನಲ್ಲಿ ಮನೆಮನೆಯಲ್ಲೂ ಅರೆ ಮೆಕ್ಯಾನಿಕ್ ಹುಟ್ಟಿಕೊಂಡದ್ದು ಹೇಗೆ? ಈ ಪ್ರಶ್ನೆಗಳ ಬೆನ್ನು ಹತ್ತಿದಾಗ ದೊರೆತ ಚರಿತ್ರೆಯನ್ನೂ, ಅದರಿಂದ ನಮ್ಮ ಹಳೆಯ ಕಾರಿಗೆ ದೊರೆತ ಉಪಯೋಗವನ್ನೂ ಬಳಗದ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಭೂಕಂಪದಿಂದ ಬಂದ ಬಸ್ಸುಗಳು

ಜಪಾನಿನ ಬೀದಿಗಳಿಗೆ ಮೋಟಾರು ವಾಹನವನ್ನು ದೊಡ್ಡ ಪ್ರಮಾಣದಲ್ಲಿ ತಂದದ್ದು ಒಂದು ದುರಂತ. 1923ರ ಸೆಪ್ಟೆಂಬರ್ 1ರಂದು ಸಂಭವಿಸಿದ ಕಾಂತೋ ಮಹಾಭೂಕಂಪದಲ್ಲಿ ಟೋಕಿಯೋದ ಟ್ರಾಮ್ ಮಾರ್ಗಗಳು ನಾಶವಾದವು. ಜನರ ಓಡಾಟಕ್ಕೆ ತುರ್ತಾಗಿ ಏನಾದರೂ ಬೇಕೆಂದು ಟೋಕಿಯೋ ನಗರಾಡಳಿತ ಅಮೆರಿಕದಿಂದ ಸುಮಾರು 800 ಫೋರ್ಡ್ ಮಾಡೆಲ್ ಟಿ ಷಾಸಿಗಳನ್ನು ತರಿಸಿ, ಅವುಗಳ ಮೇಲೆ ಮರದ ಮೈ ಕೂರಿಸಿ, 1924ರ ಆರಂಭದಲ್ಲಿ ಬಸ್ಸುಗಳನ್ನು ಓಡಿಸಿತು. ಇಲ್ಲಿ ಮಾರುಕಟ್ಟೆಯುಂಟೆಂದು ಅರಿತ ಫೋರ್ಡ್ 1925ರಲ್ಲಿ ಯೊಕೊಹಾಮಾದಲ್ಲಿಯೂ, ಜನರಲ್ ಮೋಟಾರ್ಸ್ 1927ರಲ್ಲಿ ಒಸಾಕಾದಲ್ಲಿಯೂ ಜೋಡಣಾ ಕಾರ್ಖಾನೆಗಳನ್ನು ತೆರೆದವು. ಮುಂದಿನ ಹತ್ತು ವರ್ಷ ಜಪಾನಿನ ರಸ್ತೆಗಳಲ್ಲಿ ಓಡಿದ್ದು ಬಹುಮಟ್ಟಿಗೆ ಅಮೆರಿಕದ ಯಂತ್ರಗಳೇ.

ನೂಲು ಮತ್ತು ಮಗ್ಗದ ಉದ್ಯಮದ ಮನೆತನದಲ್ಲಿ ಹುಟ್ಟಿದ ಕಿಇಚಿರೋ ತೊಯೋದಾ ಕಾರು ಕಲಿತದ್ದು ಬಿಚ್ಚುವುದರಿಂದ. ತಂದೆಯ ಸ್ವಯಂಚಾಲಿತ ಮಗ್ಗದ ಕಂಪನಿಯಲ್ಲಿ 1933ರಲ್ಲಿ ಮೋಟಾರು ವಿಭಾಗ ತೆರೆದು, ಒಂದು ಷೆವ್ರೊಲೆ ಕಾರನ್ನು ಕೊಂಡು, ಅದರ ಭಾಗಗಳನ್ನು ಒಂದೊಂದಾಗಿ ಕಳಚಿ, ಅಳೆದು, ನಕ್ಷೆ ಬರೆಸಿದರು. 1935ರಲ್ಲಿ ಹೊರಬಂದ ಜಿ1 ಲಾರಿಯ ಎಂಜಿನ್ ಷೆವ್ರೊಲೆಯನ್ನೂ, ಚೌಕಟ್ಟು ಫೋರ್ಡನ್ನೂ ಹೋಲುತ್ತಿದ್ದವು. ಇದರ ಹಿಂದೆ ವ್ಯವಹಾರ ಜ್ಞಾನವಿತ್ತು: ದಾರಿಯಲ್ಲಿ ಕೆಟ್ಟರೆ ಊರಿನ ಅಂಗಡಿಯಲ್ಲಿ ಸಿಗುವ ಬಿಡಿಭಾಗ ಹೊಂದಬೇಕು. ಆ ಲಾರಿಗಳು ನಿಜಕ್ಕೂ ಮತ್ತೆ ಮತ್ತೆ ಕೆಟ್ಟವು. ಬಿಡುಗಡೆ ಸಮಾರಂಭಕ್ಕಾಗಿ ಕಾರಿಯಾ ಪಟ್ಟಣದಿಂದ ಟೋಕಿಯೋಗೆ ಹೊರಟ ಲಾರಿಗಳಲ್ಲೇ ಒಂದರ ಸ್ಟಿಯರಿಂಗ್ ಭಾಗ ದಾರಿಯಲ್ಲಿ ಮುರಿಯಿತು. ಕೊಂಡವರ ಲಾರಿ ಎಲ್ಲಿ ನಿಂತರೂ ಕಂಪನಿಯ ಜನ ಹೋಗಿ ರಿಪೇರಿ ಮಾಡಿಕೊಟ್ಟು, ಏನು ಮುರಿಯಿತು, ಏಕೆ ಮುರಿಯಿತು ಎಂಬುದನ್ನು ಕಾರ್ಖಾನೆಗೆ ವರದಿ ಮಾಡುತ್ತಿದ್ದರು. ಇಂದು ಎಂದೂ ಕೆಡದ ಕಾರು ಎಂದು ನಾವು ನಂಬಿರುವ ಹೆಸರಿನ ಮೂಲದಲ್ಲಿ, ರಸ್ತೆಯ ಬದಿಯಲ್ಲಿ ಕೆಟ್ಟು ನಿಂತ ಲಾರಿಗಳ ದೊಡ್ಡ ಸಾಲೇ ಇದೆ.

1936ರಲ್ಲಿ ಜಪಾನ್ ಸರ್ಕಾರ ಮೋಟಾರು ತಯಾರಿಕಾ ಉದ್ಯಮ ಕಾಯಿದೆಯನ್ನು ತಂದು, ತೊಯೋದಾ ಮತ್ತು ನಿಸ್ಸಾನ್ ಕಂಪನಿಗಳಿಗೆ ಪರವಾನಗಿ ಕೊಟ್ಟು, ವಿದೇಶಿ ಕಂಪನಿಗಳ ಕೈಕಟ್ಟಿತು. 1939ರ ವೇಳೆಗೆ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಇಲ್ಲಿ ತಯಾರಿಕೆ ನಿಲ್ಲಿಸಿದವು.

ಸರ್ ಎಂ.ವಿ. ಕಂಡ ಕಾರ್ಖಾನೆ

ಇದೇ ವರ್ಷಗಳಲ್ಲಿ ನಮ್ಮ ನಾಡಿನ ಒಬ್ಬ ಹಿರಿಯರು ಇದೇ ಕನಸನ್ನು ಕಾಣುತ್ತಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಸರ್ ಎಂ. ವಿಶ್ವೇಶ್ವರಯ್ಯನವರು ಜಪಾನನ್ನು ಮೊದಲು ನೋಡಿದ್ದು 1898ರಲ್ಲಿ; ಮೈಸೂರಿನ ದಿವಾನಗಿರಿಯಿಂದ ನಿವೃತ್ತರಾದ ಮೇಲೆ, 1919ರಲ್ಲಿ ಆರಂಭಿಸಿದ ಪ್ರವಾಸದಲ್ಲಿ ಮತ್ತೊಮ್ಮೆ ಬಂದರು. ಒಂದು ಏಷ್ಯಾ ರಾಷ್ಟ್ರ ಒಂದೇ ತಲೆಮಾರಿನಲ್ಲಿ ಯಂತ್ರವಿದ್ಯೆಯನ್ನು ಕೈವಶ ಮಾಡಿಕೊಂಡ ಬಗೆ ಅವರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಮೋಟಾರು ಉದ್ಯಮವನ್ನು ಅಭ್ಯಾಸ ಮಾಡಲೆಂದೇ ಯುರೋಪ್ ಮತ್ತು ಅಮೆರಿಕಗಳಿಗೆ ಹೋಗಿ ಬಂದು, ಭಾರತದಲ್ಲಿ ಕಾರು ಕಾರ್ಖಾನೆ ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಆದರೆ ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಟೋಕಿಯೋದಲ್ಲಿ ಸರ್ಕಾರವೇ ಕಾಯಿದೆ ಮಾಡಿ ಸ್ವದೇಶಿ ಕಾರಿಗೆ ದಾರಿ ತೆರೆದ ಹೊತ್ತಿನಲ್ಲಿ ದೆಹಲಿಯಲ್ಲಿ ಆ ದಾರಿ ಮುಚ್ಚಿಯೇ ಉಳಿಯಿತು. ಹಿಂದೂಸ್ತಾನ್ ಮೋಟಾರ್ಸ್ 1942ರಲ್ಲಿ, ವಾಲ್‌ಚಂದರ ಪ್ರೀಮಿಯರ್ ಆಟೋಮೊಬೈಲ್ಸ್ 1944ರಲ್ಲಿ ಹುಟ್ಟಿದವಾದರೂ ಕೈಕೂಡಿ ಕಾರು ಮಾಡತೊಡಗಿದ್ದು ಸ್ವಾತಂತ್ರ್ಯದ ಆಸುಪಾಸಿನಲ್ಲಿ.

ಯುದ್ಧಕಾಲದಲ್ಲಿ ಎರಡೂ ನಾಡುಗಳ ಚಾಲಕರು ಒಂದೇ ಪಾಠ ಕಲಿತರು. ಪೆಟ್ರೋಲ್ ಸಿಗದ ಆ ದಿನಗಳಲ್ಲಿ ಟೋಕಿಯೋದಲ್ಲಿಯೂ ಮೈಸೂರು ಸೀಮೆಯಲ್ಲಿಯೂ ಬಸ್ಸುಗಳ ಹಿಂಬದಿಗೆ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರ ಅನಿಲದಿಂದ ಎಂಜಿನ್ ಓಡಿಸಿದರು. ಬೆಳಿಗ್ಗೆ ಬೇಗನೆ ಎದ್ದು ಕಿಂಡಿಯ ಬೂದಿ ತೆಗೆದು, ಗಾಳಿಯೂದುವ ಚಕ್ರ ತಿರುಗಿಸಿ, ಮಸಿ ಕಟ್ಟಿದ ಕೊಳವೆಗಳನ್ನು ತೊಳೆಯದೆ ಬಸ್ಸು ಹೊರಡುತ್ತಿರಲಿಲ್ಲ. ಇದ್ದಿಲು ಬಸ್ಸಿನ ಕಥೆಯನ್ನು ಅಜ್ಜಂದಿರ ಬಾಯಲ್ಲಿ ಕೇಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಇಲ್ಲಿನ ಹಿರಿಯರಲ್ಲಿ ವಿಚಾರಿಸಿದರೆ ಅದೇ ಕಥೆ ಜಪಾನಿ ಭಾಷೆಯಲ್ಲಿ ಬರುತ್ತದೆ.

ಒಂದೇ ದಶಕ, ಬೇರೆ ಬೇರೆ ಹಾದಿ

1950ರ ದಶಕದಲ್ಲಿ ಎರಡು ನಾಡುಗಳೂ ಯುರೋಪಿನ ಕಾರುಗಳನ್ನು ಪರವಾನಗಿ ಪಡೆದು ಜೋಡಿಸಿದವು. ಜಪಾನಿನಲ್ಲಿ ನಿಸ್ಸಾನ್ ಆಸ್ಟಿನನ್ನು, ಇಸುಜು ಹಿಲ್ಮನನ್ನು, ಹಿನೋ ರೆನೋವನ್ನು ಕಟ್ಟಿದವು. ಭಾರತದಲ್ಲಿ ಮಾರಿಸ್ ಆಕ್ಸ್‌ಫರ್ಡ್ ಅಂಬಾಸಡರ್ ಆಯಿತು. ಫಿಯೆಟ್ 1100 ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿತು. ಜಪಾನೀಯರು ಕೆಲವೇ ವರ್ಷಗಳಲ್ಲಿ ಪರವಾನಗಿಯ ಕಾರುಗಳನ್ನು ಬಿಟ್ಟು ತಮ್ಮವನ್ನು ತಂದರು: 1955ರಲ್ಲಿ ಟೊಯೋಪೆಟ್ ಕ್ರೌನ್, 1958ರಲ್ಲಿ ಸುಬಾರು 360. 1957ರಲ್ಲಿ ಅಮೆರಿಕಕ್ಕೆ ಹೋದ ಕ್ರೌನ್ ಅಲ್ಲಿನ ಹೆದ್ದಾರಿಯ ವೇಗವನ್ನು ತಾಳದೆ ಬಳಲಿ ಮರಳಿತು. ಕಂಪನಿ ಅದನ್ನು ತಿದ್ದಿತು. ನಮ್ಮಲ್ಲಾದರೋ ಸ್ಪರ್ಧೆಯಿಲ್ಲದ ಪರವಾನಗಿ ವ್ಯವಸ್ಥೆಯಲ್ಲಿ ಅಂಬಾಸಡರ್ ಬಹುತೇಕ ಅದೇ ರೂಪದಲ್ಲಿ 2014ರ ತನಕ ತಯಾರಾಯಿತು. ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲದಲ್ಲಿ ಹಳೆಯದನ್ನು ಬಿಸಾಡುವ ಮಾತೇ ಇರಲಿಲ್ಲ. ತಯಾರಕರು ತಿದ್ದದೆ ಬಿಟ್ಟದ್ದನ್ನು ಮಾಲೀಕರು ಅಂಗಳದಲ್ಲಿ ತಿದ್ದಿಕೊಂಡರು.

ಅಂಗಳದ ವಿದ್ಯೆ ಹೀಗೆ ಬೆಳೆಯಿತು. ಅದಕ್ಕೂ ಒಂದು ಕ್ರಮವಿತ್ತು. ಎಂಜಿನ್ ಹತ್ತದಿದ್ದರೆ ತಂದೆಯವರು ಮೊದಲು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ಪೆಟ್ರೋಲ್ ಬರುತ್ತಿದೆಯೇ, ಕಿಡಿ ಬರುತ್ತಿದೆಯೇ? ಮಳೆಗಾಲದ ಬೆಳಿಗ್ಗೆಯಾದರೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಒಳಗಿನ ತೇವ ಒರೆಸುವುದು, ಸುಟ್ಟು ಕಪ್ಪಾದ ಪಾಯಿಂಟನ್ನು ಉಪ್ಪುಕಾಗದದಿಂದ ಉಜ್ಜುವುದು, ನಡುವಿನ ಸಂದನ್ನು ಹೊಂದಿಸುವುದು. ಅಳತೆಯ ತಗಡು ಇಲ್ಲದ ನಮ್ಮ ಮನೆಯಲ್ಲಿ ಮಡಿಸಿದ ಅಂಚೆ ಕಾರ್ಡೇ ಅಳತೆಗೋಲಾಗಿತ್ತು. ಬೇಸಿಗೆಯಲ್ಲಿ ಶಿರಾಡಿ ಘಾಟಿ ಹತ್ತುವಾಗ ಕಾರು ನಿಂತರೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದೆವು. ಎಂಜಿನ್ನಿನ ಶಾಖಕ್ಕೆ ಪಂಪಿನೊಳಗಿನ ಪೆಟ್ರೋಲ್ ಆವಿಯಾಗಿ, ದ್ರವವನ್ನು ಎತ್ತಬೇಕಾದ ಪಂಪು ಆವಿಯನ್ನು ಎತ್ತಲಾರದೆ ಸೋಲುತ್ತದೆ. ತಣ್ಣಗಾದರೆ ಆವಿ ಮತ್ತೆ ದ್ರವವಾಗುತ್ತದೆ. ಆ ವಯಸ್ಸಿನಲ್ಲಿ ಅದು ಮಂತ್ರದಂತೆ ತೋರಿತ್ತು. ಭೌತಶಾಸ್ತ್ರವೆಂದು ತಿಳಿದದ್ದು ಶಾಲೆಯಲ್ಲಿ.

ವರ್ಷಕ್ಕೊಮ್ಮೆ ಆಯುಧಪೂಜೆ ಬರುತ್ತಿತ್ತು. ನಿಂಬೆಹಣ್ಣು, ಬಾಳೆಕಂದು, ಸೇವಂತಿಗೆ ಹಾರ ಇವೆಲ್ಲ ಎಲ್ಲರಿಗೂ ನೆನಪಿದೆ. ಪೂಜೆಯ ಹಿಂದಿನ ದಿನ ಕಾರನ್ನು ಅಡಿಯಿಂದ ಮುಡಿಯವರೆಗೆ ತೊಳೆದು ಒರೆಸುತ್ತಿದ್ದುದನ್ನು ನಾವು ಮರೆಯುತ್ತೇವೆ. ತೊಳೆಯುವಾಗಲೇ ಎಲ್ಲಿ ಎಣ್ಣೆ ಜಿನುಗಿದೆ, ಯಾವ ರಬ್ಬರ್ ಬಿರಿದಿದೆ, ಯಾವ ಟಯರ್ ಒಂದೇ ಬದಿ ಸವೆದಿದೆ ಎಂಬುದು ಕಣ್ಣಿಗೆ ಬೀಳುತ್ತಿತ್ತು. ಖಾಸಗಿ ಕಾರಿನ ನೋಂದಣಿ 15 ವರ್ಷ ಸಿಂಧುವಾಗಿರುವ ನಮ್ಮ ದೇಶದಲ್ಲಿ, ಹೊಗೆ ತಪಾಸಣೆಯನ್ನು ಬಿಟ್ಟರೆ, ಅಷ್ಟು ಕಾಲ ಸರ್ಕಾರ ಕಾರಿನ ಯಂತ್ರಭಾಗವನ್ನು ತೆಗೆದು ನೋಡುವುದಿಲ್ಲ. ಅನೇಕ ಮನೆಗಳಲ್ಲಿ ಆ ಕೆಲಸವನ್ನು ಮಾಡಿದ್ದು ಮಹಾನವಮಿಯೇ.

ತಪಾಸಣೆಯ ನಾಡು

ಜಪಾನಿನಲ್ಲಿ ಆ ಹೊಣೆಯನ್ನು ಕಾನೂನು ಹೊತ್ತುಕೊಂಡಿತು. 1951ರ ರಸ್ತೆ ಸಾರಿಗೆ ವಾಹನ ಕಾಯಿದೆ ಇಂದಿನ ಶಾಕೆನ್ ಪದ್ಧತಿಯ ತಳಹದಿ. ವಾಹನದ ಬ್ರೇಕ್, ದೀಪ, ಚಕ್ರ, ಹೊಗೆ ಇವೆಲ್ಲ ನಿಗದಿತ ಮಟ್ಟದಲ್ಲಿವೆ ಎಂದು ಅವಧಿಗೊಮ್ಮೆ ಸಾಬೀತುಪಡಿಸದೆ ರಸ್ತೆಗೆ ಇಳಿಯುವಂತಿಲ್ಲ. ಕಾರುಗಳ ಸಂಖ್ಯೆ ಬೆಳೆದಂತೆ ಸರ್ಕಾರಿ ತಪಾಸಣಾ ಕೇಂದ್ರಗಳು ಸಾಲದಾದವು. 1962ರಲ್ಲಿ ಅರ್ಹ ಖಾಸಗಿ ಗ್ಯಾರೇಜುಗಳಿಗೂ ತಪಾಸಣೆಯ ಅಧಿಕಾರ ಕೊಡಲಾಯಿತು. ಅದೇ ವರ್ಷದ ಇನ್ನೊಂದು ಕಾನೂನು ಕಾರು ನಿಲ್ಲಿಸಲು ಜಾಗವಿದೆಯೆಂದು ತೋರಿಸುವುದನ್ನು ಮಾಲೀಕರ ಹೊಣೆಯಾಗಿಸಿತು. ಇಕ್ಕಟ್ಟಾದ ನಗರಗಳಲ್ಲಿ ಆ ಜಾಗವೆಂದರೆ ಅಪಾರ್ಟ್‌ಮೆಂಟಿನ ಬಳಿ ಬಿಳಿ ಗೆರೆ ಎಳೆದ ಒಂದು ಆಯತ. ಬಾಗಿಲು ತೆರೆಯುವಷ್ಟೇ ಅಂತರ. ಅಂಗಳವೇ ಇಲ್ಲದಲ್ಲಿ ಅಂಗಳದ ದುರಸ್ತಿ ಹೇಗೆ ಬೆಳೆದೀತು?

1983ರ ಜುಲೈನಲ್ಲಿ ಹೊಸ ಖಾಸಗಿ ಕಾರಿನ ಮೊದಲ ಶಾಕೆನ್ ಅವಧಿ ಎರಡು ವರ್ಷದಿಂದ ಮೂರಕ್ಕೆ ಏರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಭಾರತದಲ್ಲಿ ಮೊದಲ ಮಾರುತಿ 800 ಮಾಲೀಕರ ಕೈಸೇರಿತು. ಜಪಾನಿನಲ್ಲಿ 1979ರಲ್ಲಿ 4,70,000 ಯೆನ್ ಬೆಲೆಗೆ ಬಂದು ಮನೆಮಾತಾಗಿದ್ದ ಸುಜುಕಿ ಆಲ್ಟೋ ಕಾರಿನ ಒಡಹುಟ್ಟು ಅದು. ಬೆಳಿಗ್ಗೆ ಒಂದೇ ಸೆಲ್ಫಿಗೆ ಹತ್ತುವ ಕಾರನ್ನು ನಮ್ಮವರು ಕಂಡು ಬೆರಗಾದದ್ದು ಆಗಲೇ. 2000ದಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್ ಹೊರಬಂದಾಗ ಆ ಬೆರಗು ಕರ್ನಾಟಕದ ಮಣ್ಣಿನಲ್ಲೇ ತಯಾರಾಗತೊಡಗಿತು. ಅಂಗಳದ ಸ್ಪ್ಯಾನರುಗಳು ತುಕ್ಕು ಹಿಡಿಯತೊಡಗಿದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ.

ಹಳೆಯ ಕಾರಿನವರಿಗೆ ಜಪಾನಿನಲ್ಲಿ ನಿಜವಾದ ತಿರುವು ಬಂದದ್ದು 1995ರಲ್ಲಿ. ಅದಕ್ಕೆ ಮೊದಲು ಹತ್ತು ವರ್ಷ ದಾಟಿದ ಖಾಸಗಿ ಕಾರಿಗೆ ಪ್ರತಿ ವರ್ಷವೂ ಶಾಕೆನ್ ಆಗಬೇಕಿತ್ತು. ಆ ವೆಚ್ಚಕ್ಕೆ ಅಂಜಿ ಚೆನ್ನಾಗಿಯೇ ಓಡುತ್ತಿದ್ದ ಕಾರುಗಳನ್ನು ಜನ ಮಾರಿಬಿಡುತ್ತಿದ್ದರು. ಅವು ಹಡಗೇರಿ ಬಲಗಡೆ ಸ್ಟಿಯರಿಂಗ್ ಇರುವ ದೂರದ ನಾಡುಗಳನ್ನು ಸೇರುತ್ತಿದ್ದವು. 1995ರ ಜುಲೈನಿಂದ ಹಳೆಯ ಕಾರಿಗೂ ಎರಡು ವರ್ಷದ ಅವಧಿ ದೊರೆಯಿತು. ಮೊದಲು ತಪಾಸಣೆ ಮಾಡಿಸಿ ಅನಂತರ ದುರಸ್ತಿ ಮಾಡಿಸುವುದಕ್ಕೂ ಅವಕಾಶವಾಯಿತು. ಮುಖ್ಯವಾಗಿ, ಕಾರನ್ನು ಸುಸ್ಥಿತಿಯಲ್ಲಿ ಇಡುವ ಮೊದಲ ಹೊಣೆ ಗ್ಯಾರೇಜಿನದಲ್ಲ, ಬಳಸುವವರದು ಎಂಬುದು ಕಾನೂನಿನಲ್ಲಿ ಸ್ಪಷ್ಟವಾಯಿತು. ಅದೇ ವರ್ಷ ಜೂನ್ ಕೊನೆಯಲ್ಲಿ ಅಮೆರಿಕ ಮತ್ತು ಜಪಾನ್ ನಡುವೆ ಆದ ಮೋಟಾರು ಒಪ್ಪಂದ ಬಿಡಿಭಾಗಗಳ ಮಾರುಕಟ್ಟೆಯ ನಿರ್ಬಂಧಗಳನ್ನೂ ಸಡಿಲಿಸಿತು. ಮಾಲೀಕರೇ ಕಾರನ್ನು ತಪಾಸಣಾ ಕೇಂದ್ರಕ್ಕೆ ಒಯ್ಯುವ ಯೂಸರ್ ಶಾಕೆನ್ ಜನರ ಬಾಯಿಗೆ ಬಂದದ್ದು ಈ ಕಾಲದಲ್ಲೇ. ಅಂಗಳವಿಲ್ಲದ ನಾಡಿನಲ್ಲಿ ಅಂಗಳದ ವಿದ್ಯೆಗೆ ಕಾನೂನೇ ಒಂದು ಬಾಗಿಲು ತೆರೆದಿಟ್ಟಿತ್ತು.

ಕಿವಿಯಿಂದ ಆರಂಭ

ಇಷ್ಟನ್ನು ಓದಿ ತಿಳಿದ ಮೇಲೆ ನಾನು ಬಾನೆಟ್ ಎತ್ತಿದೆ. ಅಂಬಾಸಡರಿನ ಒಳಗೆ ನೆಲ ಕಾಣಿಸುತ್ತಿತ್ತು. ಇದರೊಳಗೆ ಬೆರಳು ತೂರಲೂ ಜಾಗವಿಲ್ಲ. ಪಾಯಿಂಟ್ ಇಲ್ಲ, ಕಾರ್ಬುರೇಟರ್ ಇಲ್ಲ. ಪ್ಲಗ್ ಕಳಚಿ ಕಿಡಿ ನೋಡುವ ಹಳೆಯ ಪರೀಕ್ಷೆಯನ್ನು ಇಲ್ಲಿ ಮಾಡಲೇಬಾರದು. ಇಂದಿನ ಕಾಯಿಲಿನ ವಿದ್ಯುತ್ತು ಮನುಷ್ಯನಿಗೂ ಅಪಾಯ, ಕಾರಿನ ಕಂಪ್ಯೂಟರಿಗೂ ಅಪಾಯ. ಆದರೂ ತಂದೆಯವರ ಕ್ರಮ ವ್ಯರ್ಥವಾಗಲಿಲ್ಲ. ಕೇಳು, ಮೂಸು, ಮುಟ್ಟು, ಆಮೇಲೆ ಬಿಚ್ಚು ಎಂಬುದು ಅವರ ಪಾಠ.

ಕೇಳುವ ವಿಷಯದಲ್ಲಿ ಎರಡು ಭಾಷೆಗಳೂ ಶ್ರೀಮಂತವಾಗಿವೆ. ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಓದಿದ ಪದಗಳೆಲ್ಲ ಗ್ಯಾರೇಜಿನಲ್ಲಿ ಕೆಲಸಕ್ಕೆ ಬರುತ್ತವೆ. ಜಪಾನಿನ ಮೆಕ್ಯಾನಿಕ್ಕೂ ಗ್ರಾಹಕರನ್ನು ಹಾಗೆಯೇ ವಿಚಾರಿಸುತ್ತಾನೆ. ಚಳಿಯ ಬೆಳಿಗ್ಗೆ ಎಂಜಿನ್ ಹತ್ತಿದೊಡನೆ ಕೀರ್ ಎಂದು ಕಿರುಚಿದರೆ ಅವರು ಕ್ಯುರುಕ್ಯುರು ಎನ್ನುತ್ತಾರೆ: ಬೆಲ್ಟ್ ಸಡಿಲವಾಗಿದೆ ಅಥವಾ ಒಣಗಿ ಬಿರಿದಿದೆ. ಬ್ರೇಕ್ ತುಳಿದಾಗ ಕೀಚ್ ಎಂದರೆ ಅವರದು ಕೀಕೀ: ಪ್ಯಾಡ್ ಸವೆದಿರುವ ಸೂಚನೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕಟಕ ಸದ್ದಾದರೆ ಮುಂದಿನ ಚಕ್ರಕ್ಕೆ ಬಲ ಒಯ್ಯುವ ದಂಡದ ಕೀಲು ಸವೆದಿದೆ. ಸಾಮಾನ್ಯವಾಗಿ ಅದರ ರಬ್ಬರ್ ತೊಗಲು ಮೊದಲು ಹರಿದು, ಗ್ರೀಸ್ ಚೆಲ್ಲಿ, ಧೂಳು ಹೊಕ್ಕಿರುತ್ತದೆ. ವೇಗದೊಡನೆ ಏರುವ ಗುಂಯ್ ಎಂಬ ಒಂದೇ ಶ್ರುತಿಯ ಸದ್ದು, ಅವರ ಗೋ ಶಬ್ದ, ಚಕ್ರದ ಬೇರಿಂಗಿನದು. ಏರುದಾರಿಯಲ್ಲಿ ಎಂಜಿನ್ ಕರಿಕರಿ ಎಂದರೆ ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿಯುತ್ತಿದೆ ಎಂದರ್ಥ.

ಇನ್ನು ಸಾಮಾನ್ಯ ರೋಗಗಳು. ದಾರಿಯಲ್ಲಿ ಕೆಟ್ಟ ಕಾರಿಗೆ ನೆರವಾಗುವ ಜಪಾನ್ ಆಟೋಮೊಬೈಲ್ ಫೆಡರೇಷನ್ನಿಗೆ ಬರುವ ಕರೆಗಳಲ್ಲಿ ಬ್ಯಾಟರಿಯದೇ ಮೇಲುಗೈ. ಸೆಲ್ಫ್ ನಿಧಾನವಾಗಿ ನರಳಿದರೆ ಅಥವಾ ಟಿಕ್ ಟಿಕ್ ಎಂದಷ್ಟೇ ಸದ್ದಾದರೆ ಮೊದಲು ಬ್ಯಾಟರಿಯ ತುದಿಗಳನ್ನು ನೋಡಬೇಕು. ಬಿಳಿಯ ಉಪ್ಪಿನಂಥ ಪುಡಿ ಕಟ್ಟಿದ್ದರೆ ಬಿಸಿನೀರಿನಿಂದ ತೊಳೆದು, ಒಣಗಿಸಿ, ಬಿಗಿದರೆ ಎಷ್ಟೋ ಸಲ ಅಷ್ಟೇ ಸಾಕು. ವೋಲ್ಟ್ ಮೀಟರ್ ಇದ್ದರೆ ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಬೇಕು, ಎಂಜಿನ್ ಓಡುವಾಗ 14ರ ಆಸುಪಾಸಿಗೆ ಏರಬೇಕು. ಏರದಿದ್ದರೆ ದೋಷ ಬ್ಯಾಟರಿಯದಲ್ಲ, ಅದನ್ನು ತುಂಬಿಸುವ ಆಲ್ಟರ್ನೇಟರಿನದು. ಹೊಸ ಬ್ಯಾಟರಿ ಹಾಕಿದರೂ ವಾರದಲ್ಲಿ ಅದೇ ಕಥೆ.

ಎಂಜಿನ್ ಕಾಯುವುದು ಎರಡನೆಯದು. ಶೀತಕ ದ್ರವದ ಮಟ್ಟ ತಿಂಗಳಿಗೊಮ್ಮೆ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಅಡಿಯಲ್ಲಿ ಬಿಳಿ ರಟ್ಟು ಹಾಸಿ ಬೆಳಿಗ್ಗೆ ಕಲೆ ನೋಡಿದರೆ ರೋಗ ತಾನೇ ಬರೆದಿಟ್ಟಿರುತ್ತದೆ: ಹಸಿರು ಅಥವಾ ಗುಲಾಬಿ ಬಣ್ಣದ, ಸಿಹಿ ವಾಸನೆಯ ಕಲೆ ಶೀತಕದ್ದು; ಕಂದು ಅಥವಾ ಕಪ್ಪು, ಎಂಜಿನ್ ಆಯಿಲಿನದು; ಬರಿಯ ನೀರಾದರೆ ಏಸಿಯದು, ಚಿಂತೆ ಬೇಡ. ಕಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬಾರದು. ಘಾಟಿಯಲ್ಲಿ ಅವಸರಪಟ್ಟು ತೆರೆದು ಮುಖ, ಕೈ ಸುಟ್ಟುಕೊಂಡವರ ಕಥೆ ಮಲೆನಾಡಿನ ಪ್ರತಿ ಊರಿನಲ್ಲೂ ಇದೆ.

ಮೂರನೆಯದು ದೀಪ. ಹಳೆಯ ಕಾರಿನ ಪ್ಲಾಸ್ಟಿಕ್ ದೀಪದ ಮುಖ ಬಿಸಿಲಿಗೆ ಹಳದಿಯಾಗಿ ಮಸುಕಾಗುತ್ತದೆ. ಶಾಕೆನ್ನಿನಲ್ಲಿ ತಗ್ಗು ಬೆಳಕಿನ ದೀಪ ಒಂದೊಂದೂ 6,400 ಕ್ಯಾಂಡೆಲಾ ಕೊಡಬೇಕು; ಮಸುಕಾದದ್ದು ಕೊಡುವುದಿಲ್ಲ. ನೀರು ಹಾಕಿ ನಯವಾದ ಉಪ್ಪುಕಾಗದದಿಂದ ತೀಡಿ, ಹೊಳಪು ಲೇಪ ಹಚ್ಚಿದರೆ ಒಂದು ಮಧ್ಯಾಹ್ನದ ಕೆಲಸ. ತಂದೆಯವರು ಪಾಯಿಂಟ್ ಉಜ್ಜಿದ ಉಪ್ಪುಕಾಗದ ಇಲ್ಲಿ ಮತ್ತೆ ನನ್ನ ಕೈಗೆ ಬಂತು.

ಎಲ್ಲಿ ನಿಲ್ಲಬೇಕು

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಲೇಖನ ಅಪೂರ್ಣ. ಕಾರನ್ನು ಜಾಕಿನ ಮೇಲೆ ಎತ್ತಿ ಅಡಿಗೆ ಹೋಗುವ ಅಭ್ಯಾಸ ನಮ್ಮೂರಿನಲ್ಲಿ ಕೆಲವರ ಪ್ರಾಣ ತೆಗೆದಿದೆ. ಕಲ್ಲು, ಇಟ್ಟಿಗೆ ಕೊಟ್ಟು ನಿಲ್ಲಿಸುವುದು ಆಧಾರವಲ್ಲ. ಜಪಾನಿನ ಮೆಕ್ಯಾನಿಕ್ಕುಗಳು ಆಧಾರದ ಕಬ್ಬಿಣದ ಗೂಟವನ್ನು ಉಮಾ, ಎಂದರೆ ಕುದುರೆ ಎನ್ನುತ್ತಾರೆ. ಗಟ್ಟಿಯಾದ ಸಮನೆಲದಲ್ಲಿ ಆ ಕುದುರೆಗಳ ಮೇಲೆ ಭಾರ ಕೂರದೆ ಯಾರೂ ತಲೆಯನ್ನು ಅಡಿಗೆ ಒಡ್ಡಬಾರದು. ಬ್ರೇಕಿನ ಒಳಭಾಗ, ಸ್ಟಿಯರಿಂಗಿನ ಕೀಲುಗಳು, ಏರ್‌ಬ್ಯಾಗ್, ಟೈಮಿಂಗ್ ಬೆಲ್ಟ್, ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ತಂತಿಗಳು, ಇವು ಮನೆಯ ಕೆಲಸವಲ್ಲ. ಸ್ವಂತ ಕಾರನ್ನು ಬಿಚ್ಚಲು ಕಾನೂನಿನ ಅಡ್ಡಿಯಿಲ್ಲವೆಂಬುದು ನಿಜ. ಬ್ರೇಕ್ ತಪ್ಪಿದರೆ ತೆರಬೇಕಾದದ್ದು ದಾರಿಯಲ್ಲಿ ಎದುರಾದವರು ಎಂಬುದೂ ನಿಜ. ನಮ್ಮ ಕಾರಿನ ಹಿಂಬದಿಯ ಬ್ರೇಕ್ ಸದ್ದನ್ನು ಕೇಳಿ ಗುರುತಿಸಿದ್ದು ನಾನು. ಸರಿಪಡಿಸಿದ್ದು ಅದೇ ಗ್ಯಾರೇಜಿನವರು. ರೋಗವನ್ನು ಹೆಸರಿಟ್ಟು ಹೇಳಿದ್ದರಿಂದ ಅಂದಾಜು ಪಟ್ಟಿಯಲ್ಲಿ ಮೂರು ಸಾಲು ಕಡಿಮೆಯಾಯಿತು.

ಬಳಸಿದ ಎಣ್ಣೆಯ ಮಾತು ಇನ್ನೊಂದು. ಊರಿನಲ್ಲಿ ಅದನ್ನು ಬೇಲಿಯ ಕಂಬಗಳಿಗೆ ಗೆದ್ದಲು ಹಿಡಿಯದಂತೆ ಬಳಿಯುತ್ತಿದ್ದರು, ಉಳಿದದ್ದು ಚರಂಡಿಗೆ. ಇಲ್ಲಿ ಒಳಗೆ ಹೀರುವ ಹತ್ತಿ ತುಂಬಿದ ರಟ್ಟಿನ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತದೆ. ಎಣ್ಣೆಯನ್ನು ಅದಕ್ಕೆ ಸುರಿದು, ನಿಮ್ಮ ಪುರಸಭೆಯ ನಿಯಮ ಒಪ್ಪಿದರೆ ಸುಡುವ ಕಸದೊಡನೆ ಇಡಬಹುದು. ಒಪ್ಪದ ಊರುಗಳೂ ಇವೆ. ಮೊದಲು ಕಸದ ಕೈಪಿಡಿಯನ್ನು ನೋಡಿರಿ.

ತಪಾಸಣೆಯ ಸಾಲಿನಲ್ಲಿ

ಕೊನೆಗೆ ನಾನೇ ಕಾರನ್ನು ಸಾರಿಗೆ ಇಲಾಖೆಯ ಶಾಖಾ ಕಚೇರಿಗೆ ಒಯ್ದೆ. ತೂಕ ತೆರಿಗೆ, ಕಡ್ಡಾಯ ವಿಮೆ, ಅರ್ಜಿಯ ಶುಲ್ಕ ಇವು ಯಾರು ಒಯ್ದರೂ ತಪ್ಪುವುದಿಲ್ಲ. ಉಳಿಯುವುದು ಗ್ಯಾರೇಜಿನ ಕೂಲಿ ಮಾತ್ರ. ಕಚೇರಿಯ ಹತ್ತಿರದಲ್ಲೇ ಸಣ್ಣ ಶುಲ್ಕಕ್ಕೆ ದೀಪದ ಕೋನ ಸರಿಪಡಿಸಿಕೊಡುವ ಪುಟ್ಟ ಅಂಗಡಿಗಳಿವೆ. ಅಲ್ಲಿಗೆ ಮೊದಲು ಹೋದದ್ದು ಒಳ್ಳೆಯದಾಯಿತು. ಸಾಲಿನಲ್ಲಿ ಚಕ್ರದ ಓರೆ, ವೇಗಮಾಪಕ, ದೀಪ, ಬ್ರೇಕ್, ಹೊಗೆ, ಕೊನೆಗೆ ಗುಂಡಿಯ ಮೇಲೆ ನಿಲ್ಲಿಸಿ ತಳಭಾಗದ ಪರೀಕ್ಷೆ. ಮೊದಲ ಸುತ್ತಿನಲ್ಲಿ ನಾನು ಸೋತೆ. ಗುಂಡಿಯೊಳಗಿದ್ದ ಅಧಿಕಾರಿ ಸುತ್ತಿಗೆಯಿಂದ ತಟ್ಟಿ, ಎಡಗಡೆಯ ಸ್ಟಿಯರಿಂಗ್ ಕೀಲಿನ ರಬ್ಬರ್ ಬಿರಿದಿದೆ ಎಂದರು. ಹಿಂದಿನ ವಾರ ಅಡಿಯಲ್ಲಿ ದೀಪ ಹಿಡಿದು ನೋಡಿದ್ದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಆ ಕೀಲು ಕಳಚಿದ್ದರೆ ಹಿಂದಿನ ಸೀಟಿನಲ್ಲಿ ಕೂರುವವರು ನನ್ನ ಮಕ್ಕಳು. ಹೀಗೆ ಸೋತವರಿಗೆ 15 ದಿನ ಸಿಂಧುವಾದ ತಾತ್ಕಾಲಿಕ ಪತ್ರ ಕೊಡುತ್ತಾರೆ. ಗ್ಯಾರೇಜಿನಲ್ಲಿ ಅದನ್ನು ಬದಲಾಯಿಸಿ, ಮರುವಾರ ಪಾಸಾದೆ.

ಅಂಗಳದ ವಿದ್ಯೆಗೂ ಸರ್ಕಾರದ ಸುತ್ತಿಗೆಗೂ ಜಗಳವಿಲ್ಲವೆಂದು ನನಗೆ ಅಲ್ಲಿ ಹೊಳೆಯಿತು. ನಮ್ಮ ನಾಡು ಮೊದಲನೆಯದನ್ನು ಕೊರತೆಯಿಂದ ಕಲಿತು, ಎರಡನೆಯದನ್ನು ಕಡೆಗಣಿಸಿತು. ಈ ನಾಡು ಎರಡನೆಯದನ್ನು ಕಟ್ಟಿ, ಮೊದಲನೆಯದನ್ನು ಬಹುಮಟ್ಟಿಗೆ ಅಂಗಡಿಗೆ ಒಪ್ಪಿಸಿತು. ಬಿಡದಿಯಲ್ಲಿ 2007ರಿಂದ ನಡೆಯುತ್ತಿರುವ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆಯಲ್ಲಿ ಕರ್ನಾಟಕದ ಗ್ರಾಮೀಣ ಮಕ್ಕಳು ಕಲಿಯುತ್ತಿರುವುದು ಈ ಎರಡನ್ನೂ ಕೂಡಿಸುವ ಕೆಲಸವೇ ಎಂದು ನಾನು ತಿಳಿಯುತ್ತೇನೆ.

ಜಪಾನಿನ ಸಾರಿಗೆ ಸಚಿವಾಲಯ ಖಾಸಗಿ ಕಾರಿಗೆ ದಿನನಿತ್ಯದ ತಪಾಸಣೆಯ 15 ಅಂಶಗಳನ್ನು ಹೇಳುತ್ತದೆ: ಬಾನೆಟ್ಟಿನೊಳಗೆ ಐದು, ಕಾರಿನ ಸುತ್ತ ನಾಲ್ಕು, ಚಾಲಕರ ಸೀಟಿನಲ್ಲಿ ಆರು. ಬ್ರೇಕ್ ದ್ರವ, ಶೀತಕ, ಎಂಜಿನ್ ಆಯಿಲ್, ಬ್ಯಾಟರಿ ನೀರು, ಗಾಜು ತೊಳೆಯುವ ನೀರು. ದೀಪಗಳು, ಟಯರಿನ ಗಾಳಿ, ಬಿರುಕು, ಸವೆತ. ಎಂಜಿನ್ ಹತ್ತುವ ರೀತಿ, ಅದರ ಓಟ, ಬ್ರೇಕಿನ ತುಳಿತ, ಕೈಬ್ರೇಕ್, ವೈಪರ್, ನೀರು ಚಿಮ್ಮುವ ಬಗೆ. ಒಂದು ಉಪಕರಣವೂ ಬೇಡ, ಹತ್ತು ನಿಮಿಷ ಸಾಕು. ನಮ್ಮ ಮನೆಯಲ್ಲಿ ಹತ್ತು ವರ್ಷದ ಮಗಳು ಈ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಬಾಗಿಲಿನ ಹಿಂದೆ ಅಂಟಿಸಿದ್ದಾಳೆ. ಶೀತಕ ಎಂಬ ಪದ ಅವಳಿಗೆ ಹೊಸದು; ಅಜ್ಜನಿಗೆ ಫೋನಿನಲ್ಲಿ ಓದಿ ಹೇಳಿದಾಗ ಅವರಿಗೂ ಅದು ಹೊಸದೇ, ನಾವೆಲ್ಲ ರೇಡಿಯೇಟರ್ ನೀರು ಅಂತಿದ್ವಿ ಮರಿ ಎಂದು ನಕ್ಕರು.

ಈ ಬಾರಿಯ ಆಯುಧಪೂಜೆಗೆ ಕಾರು ತೊಳೆಯುವಾಗ ದಯವಿಟ್ಟು ಒಮ್ಮೆ ಬಾನೆಟ್ ಎತ್ತಿರಿ. ಹಳೆಯ ಕಾರಿನ ಬಗೆಗೆ ನಿಮ್ಮ ಮನೆಯ ಹಿರಿಯರು ಹೇಳಿದ ನೆನಪುಗಳಿದ್ದರೆ ಬರೆದು ಕಳುಹಿಸಿರಿ. ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ. ನಮ್ಮ ಕಾರು ಇನ್ನೆರಡು ವರ್ಷ ನಮ್ಮೊಡನೆ ಇರುತ್ತದೆ.